ಅವಗ್ರಹದಿಂದ ಧಾರಣೆಯವರೆಗೆ: ಶಾರ್ಟ್‌ವೇವ್ ರೇಡಿಯೊ ಕಲಿಸಿದ ಪಾಠ

ಶಾಸನ, ತಾಳೆಗರಿ, ಪಾಠಾಂತರಗಳ ನಡುವೆ ದಿನ ಕಳೆಯುವವನಿಗೆ ಬೇರೊಂದು ಹವ್ಯಾಸ ಇರಬಾರದೆಂದೇನೂ ಇಲ್ಲ. ನನಗಿರುವ ಹವ್ಯಾಸ ದೂರದೇಶಗಳ ರೇಡಿಯೊ ಕೇಂದ್ರಗಳನ್ನು ಹುಡುಕಿ ಕೇಳುವುದು. ಹವ್ಯಾಸಿಗಳ ವಲಯದಲ್ಲಿ ಇದನ್ನು 'ಡಿಎಕ್ಸಿಂಗ್' ಎನ್ನುತ್ತಾರೆ. 'ಡಿಎಕ್ಸ್' ಎಂಬುದು ತಂತಿ ಕಚೇರಿಯವರು 'ದೂರ' ಎಂಬರ್ಥದಲ್ಲಿ ಬಳಸುತ್ತಿದ್ದ ಸಂಕ್ಷೇಪಾಕ್ಷರ. ಹಾಡಿಗಾಗಿಯೋ ಸುದ್ದಿಗಾಗಿಯೋ ರೇಡಿಯೊ ಹಚ್ಚುವವರಿಗೂ ಈ ಹವ್ಯಾಸಿಗಳಿಗೂ ಒಂದು ವ್ಯತ್ಯಾಸವುಂಟು. ಸಾಮಾನ್ಯ ಶ್ರೋತೃವಿಗೆ ರೇಡಿಯೊ ಏನು ಹೇಳುತ್ತಿದೆ ಎಂಬುದು ಮುಖ್ಯ. ಡಿಎಕ್ಸ್ ಹವ್ಯಾಸಿಗೆ ಅದಕ್ಕಿಂತ ಮುಂಚೆ ಎರಡು ಪ್ರಶ್ನೆಗಳು ಎದುರಾಗುತ್ತವೆ: ಈ ದನಿ ಎಲ್ಲಿಯದು? ಹಾಗೆಂದು ನಾನು ಹೇಗೆ ಬಲ್ಲೆ? ಎರಡನೆಯ ಪ್ರಶ್ನೆಯ ಕಾರಣದಿಂದಲೇ ಈ ಹವ್ಯಾಸವನ್ನು ಕುರಿತು ಸಂಶೋಧನ ವಿದ್ಯಾರ್ಥಿಗಳೊಡನೆ ನಾಲ್ಕು ಮಾತು ಹಂಚಿಕೊಳ್ಳಬಹುದೆಂದು ನನಗನಿಸಿದೆ.

ಮೊದಲು ವಿಷಯದ ಭೌತಿಕ ನೆಲೆಯನ್ನು ಸ್ವಲ್ಪ ನೋಡೋಣ. 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಕಂಪನಾಂಕಗಳ ತರಂಗಗಳಿಗೆ ಶಾರ್ಟ್‌ವೇವ್ ಅಥವಾ ಹ್ರಸ್ವತರಂಗಗಳೆಂದು ಹೆಸರು. 1901ರಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದ ಆಚೆಗೆ ಸಂಕೇತ ಕಳುಹಿಸಿದಾಗ, ನೇರವಾಗಿ ಚಲಿಸಬೇಕಾದ ತರಂಗ ಭೂಮಿಯ ಬಾಗನ್ನು ದಾಟಿದ್ದು ಹೇಗೆಂಬುದು ಒಗಟಾಯಿತು. ಮೇಲಣ ವಾಯುಮಂಡಲದಲ್ಲಿ ವಿದ್ಯುತ್ ವಾಹಕವಾದ ಒಂದು ಪದರವಿರಬೇಕೆಂದು 1902ರಲ್ಲಿ ಕೆನ್ನೆಲಿ ಮತ್ತು ಹೆವಿಸೈಡ್ ಬೇರೆಬೇರೆಯಾಗಿ ಊಹಿಸಿದರು. 1924ರ ಪ್ರಯೋಗದಲ್ಲಿ ಆ ಪದರದ ಇರವನ್ನು ತೋರಿಸಿಕೊಟ್ಟವರು ಎಡ್ವರ್ಡ್ ಆ್ಯಪಲ್‌ಟನ್. ಇದಕ್ಕಾಗಿ 1947ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಅದೇ ವರ್ಷ ಕಲ್ಕತ್ತೆಯ ಶಿಶಿರ್ ಕುಮಾರ್ ಮಿತ್ರ ಅವರ 'ದಿ ಅಪ್ಪರ್ ಅಟ್ಮಾಸ್ಫಿಯರ್' ಪ್ರಕಟವಾಗಿ, ಈ ಶಾಸ್ತ್ರದ ಆಕರಗ್ರಂಥವೆನಿಸಿತು.

ಅಯಾನುಗೋಳವೆಂಬ ಈ ವಲಯ ಬಿಸಿಲಿನಿಂದ ಹುಟ್ಟಿದ್ದು, ಬಿಸಿಲಿನಿಂದಲೇ ಬದಲಾಗುವಂಥದು. ಹಗಲಿನಲ್ಲಿ ಅದರ ಅತಿ ಕೆಳಗಿನ 'ಡಿ' ಪದರ ಕಡಿಮೆ ಕಂಪನಾಂಕದ ತರಂಗಗಳನ್ನು ಹೀರಿಕೊಂಡುಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿಹೋಗುತ್ತದೆ. ತರಂಗಗಳು ಇನ್ನೂ ಮೇಲಿರುವ 'ಎಫ್' ಪದರದಿಂದ ಬಾಗಿ ಮರಳಿ, ನೆಲಕ್ಕೆ ತಾಗಿ, ಮತ್ತೆ ಏರಿ, ಸಾವಿರಾರು ಕಿಲೋಮೀಟರ್ ದೂರದ ಊರನ್ನು ತಲುಪುತ್ತವೆ. ಆದುದರಿಂದ 49 ಮತ್ತು 31 ಮೀಟರ್ ಬ್ಯಾಂಡುಗಳು ಮುಖ್ಯವಾಗಿ ರಾತ್ರಿಯವು, 16 ಮತ್ತು 13 ಮೀಟರಿನವು ಹಗಲಿನವು. ಇದರ ಮೇಲೆ ಋತುಭೇದವಿದೆ. ಸುಮಾರು 11 ವರ್ಷಗಳ ಸೌರಕಲೆಗಳ ಆವರ್ತವಿದೆ. ಪಂಚಾಂಗ ನೋಡುವವನಿಗೆ ತಿಥಿ ನಕ್ಷತ್ರಗಳ ಗಮನವಿರುವಂತೆ ಈ ಹವ್ಯಾಸಿಗೆ ತನ್ನ ಊರಿನ ಸೂರ್ಯಾಸ್ತದ ಜೊತೆಗೆ ಕೇಂದ್ರವಿರುವ ಊರಿನ ಸೂರ್ಯಾಸ್ತದ ಗಮನವೂ ಇರಬೇಕಾಗುತ್ತದೆ. ದಾಖಲೆಯನ್ನೆಲ್ಲ ಗ್ರೀನಿಚ್ ಕಾಲಮಾನದಲ್ಲಿ ಬರೆಯುವುದು ರೂಢಿ. ನಮ್ಮ ನಡುರಾತ್ರಿ ಅಲ್ಲಿ 18:30.

ಹೀಗೆ ಬಂದ ದನಿ ಕಿವಿಗೆ ಸ್ಪಷ್ಟವಾಗಿ ಬೀಳುವುದು ಅಪರೂಪ. ಗರಗರ ಸದ್ದು, ಪಕ್ಕದ ಕೇಂದ್ರದ ಸಿಳ್ಳು, ಅಲೆಯಂತೆ ಏರಿಳಿಯುವ ಮಾತು. ಇದನ್ನು ಕೇಳುವ ಬಗೆಯನ್ನು ನನಗೆ ಸರಿಯಾಗಿ ವರ್ಣಿಸಿಕೊಟ್ಟದ್ದು ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯ. ಮತಿಜ್ಞಾನಕ್ಕೆ ಅಲ್ಲಿ ನಾಲ್ಕು ಹಂತಗಳನ್ನು ಹೇಳಿದೆ: ಅವಗ್ರಹ, ಈಹಾ, ಅವಾಯ, ಧಾರಣೆ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಕೊಡುವ ಉದಾಹರಣೆ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ದೂರದಲ್ಲಿ ಏನೋ ಬಿಳಿಯದು ಕಾಣುತ್ತದೆ, ಇದು ಅವಗ್ರಹ. ಅದು ಬೆಳ್ಳಕ್ಕಿಯೋ ಪತಾಕೆಯೋ ಎಂದು ವಿಶೇಷವನ್ನು ಅರಿಯಲು ಬಯಸುವುದು ಈಹಾ. ಅದು ಏರುತ್ತ ಇಳಿಯುತ್ತ ರೆಕ್ಕೆ ಬಡಿಯುವುದನ್ನು ಕಂಡು ಬೆಳ್ಳಕ್ಕಿಯೇ ಎಂದು ನಿಶ್ಚಯಿಸುವುದು ಅವಾಯ. ಕಾಲಾಂತರದಲ್ಲಿಯೂ ಅದನ್ನು ಮರೆಯದಿರುವುದು ಧಾರಣೆ. ಅವಗ್ರಹಕ್ಕೂ ಮುಂಚಿನ ಅವ್ಯಕ್ತ ಸ್ಥಿತಿಯೊಂದನ್ನು ವ್ಯಂಜನಾವಗ್ರಹವೆಂದು ಕರೆದು, ಅದು ಕಣ್ಣಿಗೂ ಮನಸ್ಸಿಗೂ ಇಲ್ಲವೆಂದಿದ್ದಾರೆ, ಕಿವಿಗೆ ಉಂಟು. ಅದಕ್ಕೆ ಕೊಟ್ಟ ಹೋಲಿಕೆ ಹೊಸ ಮಣ್ಣಿನ ಶರಾವೆಯದು. ಎರಡು ಮೂರು ಹನಿ ಬಿದ್ದರೆ ಅದು ಒದ್ದೆಯಾಗುವುದಿಲ್ಲ. ಹನಿಗಳು ಮತ್ತೆ ಮತ್ತೆ ಬೀಳುತ್ತಿದ್ದರೆ ಮೆಲ್ಲಮೆಲ್ಲನೆ ನೆನೆಯುತ್ತದೆ. ಗರಗರ ಸದ್ದಿನ ಒಳಗಿನಿಂದ ಮನುಷ್ಯನ ದನಿಯೊಂದು ದನಿಯೆಂದು ಗೊತ್ತಾಗುವ ಆ ಕ್ಷಣಕ್ಕೆ ಇದಕ್ಕಿಂತ ನಿಖರವಾದ ಹೋಲಿಕೆಯನ್ನು ನಾನು ಬೇರೆಲ್ಲಿಯೂ ಓದಿಲ್ಲ.

ಪ್ರಾಚೀನ ಆಚಾರ್ಯರು ರೇಡಿಯೊವನ್ನು ಮೊದಲೇ ಬಲ್ಲರೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಅಂಥ ವಾದಗಳಿಂದ ಶಾಸ್ತ್ರಕ್ಕೂ ವಿಜ್ಞಾನಕ್ಕೂ ಗೌರವ ಬರುವುದಿಲ್ಲ. ಕೇಳುವ ಮನಸ್ಸು ಹೇಗೆ ನಡೆಯುತ್ತದೆ ಎಂಬುದನ್ನು ಅವರು ಗಮನವಿಟ್ಟು ಬಿಡಿಸಿ ಹೇಳಿದ್ದಾರೆ. ಆ ವಿಶ್ಲೇಷಣೆ ಇಂದಿಗೂ ಉಪಯುಕ್ತವಾಗಿದೆ. ನಾನು ಹೇಳುತ್ತಿರುವುದು ಇಷ್ಟೇ.

ಬೆಳ್ಳಕ್ಕಿ-ಪತಾಕೆಗಳ ಪ್ರಶ್ನೆ ನನ್ನ ಕಿವಿಗೆ ಬಂದ ಒಂದು ನಿದರ್ಶನವನ್ನು ಹೇಳಬೇಕು. ಆಕಾಶವಾಣಿಯ ಲೇಹ್ ಮತ್ತು ಪೋರ್ಟ್ ಬ್ಲೇರ್ ಕೇಂದ್ರಗಳೆರಡೂ 60 ಮೀಟರ್ ಬ್ಯಾಂಡಿನಲ್ಲಿ 4760 ಕಿಲೋಹರ್ಟ್ಸ್ ಎಂಬ ಒಂದೇ ಕಂಪನಾಂಕದಲ್ಲಿ ಪ್ರಸಾರ ಮಾಡುತ್ತಿದ್ದವು. ಒಂದು ಹಿಮಾಲಯದ ಆಚೆಯ ಬರಡು ಎತ್ತರದಲ್ಲಿ, ಇನ್ನೊಂದು ಅಂಡಮಾನಿನ ಕಡಲ ನಡುವೆ. ದೆಹಲಿಯ ಸುದ್ದಿಯನ್ನು ಎರಡೂ ಮರುಪ್ರಸಾರ ಮಾಡುವಾಗ, ಕೇಳುತ್ತಿರುವ ಹಿಂದಿ ವಾರ್ತೆ ಪರ್ವತದ್ದೋ ದ್ವೀಪದ್ದೋ ಹೇಳಲಾಗುತ್ತಿರಲಿಲ್ಲ. ಪೋರ್ಟ್ ಬ್ಲೇರಿನಲ್ಲಿ ಕತ್ತಲೆ ಮೊದಲಾಗುತ್ತದೆ. ಆದುದರಿಂದ ಮುಸ್ಸಂಜೆಯಲ್ಲೇ ಕೇಳಿದರೆ ಅದು ದ್ವೀಪದ್ದಾಗಿರುವ ಸಂಭವ ಹೆಚ್ಚು. ಆದರೆ ಸಂಭವ ಬರಿಯ ಈಹಾ. ಸ್ಥಳೀಯ ಉದ್ಘೋಷಣೆ ಬಂದು, ಕೇಂದ್ರದ ಹೆಸರು ಕಿವಿಗೆ ಬಿದ್ದಾಗ ಮಾತ್ರ ಅವಾಯ. ಅದಕ್ಕಾಗಿ ಅರ್ಧ ಗಂಟೆ ಕಾಯಬೇಕಾದರೆ ಕಾಯಬೇಕು. ಅಷ್ಟರಲ್ಲಿ ದನಿ ಮುಳುಗಿದರೆ ಆ ದಿನದ ದಾಖಲೆಯಲ್ಲಿ ಎರಡು ಹೆಸರುಗಳನ್ನೂ ಬರೆದು ನಡುವೆ 'ಅಥವಾ' ಹಾಕಬೇಕು.

ಈಹಾ ಮತ್ತು ಅವಾಯಗಳ ನಡುವಣ ಈ ಅಂತರವನ್ನು ಕುರಿತು ಆಳವಾಗಿ ಚಿಂತಿಸಿದ ಆಧುನಿಕರಲ್ಲಿ ಕಲಾ ಇತಿಹಾಸಕಾರ ಇ. ಎಚ್. ಗೊಂಬ್ರಿಕ್ ಒಬ್ಬರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಬಿಬಿಸಿಯ ಮಾನಿಟರಿಂಗ್ ವಿಭಾಗದಲ್ಲಿ ಜರ್ಮನ್ ಪ್ರಸಾರಗಳನ್ನು ಕೇಳಿ ಅನುವಾದಿಸುವ ಕೆಲಸದಲ್ಲಿದ್ದರು. 1945ರ ಮೇ 1ರಂದು ಜರ್ಮನ್ ರೇಡಿಯೊ ಮಹತ್ವದ ಪ್ರಕಟಣೆಯೊಂದಿದೆ ಎಂದು ತಿಳಿಸಿ, ಬ್ರುಕ್ನರನ ಏಳನೆಯ ಸಿಂಫನಿಯ ನಿಧಾನ ಭಾಗವನ್ನು ನುಡಿಸತೊಡಗಿತು. ಅದು ವಾಗ್ನರನ ಸಾವಿನ ಸಂದರ್ಭದಲ್ಲಿ ರಚಿತವಾದ ಸಂಗೀತವೆಂದು ಬಲ್ಲ ಗೊಂಬ್ರಿಕ್, ಬರಲಿರುವುದು ಹಿಟ್ಲರನ ಸಾವಿನ ಸುದ್ದಿಯೆಂದು ಊಹಿಸಿದರು. ಊಹೆ ನಿಜವಾಯಿತು. ಇದು ಈಹೆಯ ಶಕ್ತಿ. ಆದರೆ ಅದೇ ಗೊಂಬ್ರಿಕ್ 1960ರ 'ಆರ್ಟ್ ಆ್ಯಂಡ್ ಇಲ್ಯೂಷನ್' ಗ್ರಂಥದಲ್ಲಿ ಆ ಕೆಲಸದ ಇನ್ನೊಂದು ಮುಖವನ್ನೂ ಹೇಳುತ್ತಾರೆ. ದನಿ ತೀರ ಕ್ಷೀಣವಾಗಿದ್ದಾಗ, ಏನು ಹೇಳಿರಬಹುದೆಂಬ ತಿಳಿವಳಿಕೆ ಇಲ್ಲದೆ ಏನು ಹೇಳಿದರೆಂಬುದು ಕೇಳಿಸುವುದೇ ಇಲ್ಲ. ಆದರೆ ಆ ತಿಳಿವಳಿಕೆಯೇ ಹೇಳದ ಮಾತನ್ನೂ ಕಿವಿಗೆ ಕೇಳಿಸಿಬಿಡಬಲ್ಲದು. ಚಿತ್ರವನ್ನು ನೋಡುವುದರಲ್ಲಿ ನೋಡುವವನ ಪಾಲೆಷ್ಟು ಎಂಬ ಅವರ ಪ್ರಸಿದ್ಧ ವಿಚಾರಕ್ಕೆ ಈ ಕೇಳುವ ಅನುಭವದ ಬೆಂಬಲವಿದೆ.

ನಮ್ಮ ಗ್ರಂಥಸಂಪಾದಕರ ಪಾಡೂ ಇದೇ ಅಲ್ಲವೇ? ಸವೆದ ಶಾಸನದಲ್ಲಿ ಎರಡಕ್ಷರ ಕಾಣುತ್ತವೆ, ಮೂರು ಕಾಣುವುದಿಲ್ಲ. ಛಂದಸ್ಸು ಬಲ್ಲವನಿಗೆ, ರಾಜರ ಬಿರುದುಗಳು ಬಾಯಿಗೆ ಬಂದವನಿಗೆ ಆ ಮೂರು ಅಕ್ಷರಗಳು ತಾವಾಗಿ ಕಾಣತೊಡಗುತ್ತವೆ. ಆ ವಿದ್ವತ್ತಿಲ್ಲದೆ ಶಾಸನವನ್ನು ಓದಲಾಗದು. ಆ ವಿದ್ವತ್ತಿನ ದೆಸೆಯಿಂದಲೇ ಕಲ್ಲಿನಲ್ಲಿ ಇಲ್ಲದ ಅಕ್ಷರ ಪುಸ್ತಕದಲ್ಲಿ ಅಚ್ಚಾಗುವ ಅಪಾಯವೂ ಉಂಟು. ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ ರೈಸ್ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ ಆವೃತ್ತಿ 1923ರಲ್ಲಿ ಬಂದಿತು. ಒಮ್ಮೆ ಓದಿದ ಕಲ್ಲಿನ ಬಳಿಗೆ ಮತ್ತೆ ಹೋಗುವ ಅಗತ್ಯ ಇಂಥಲ್ಲೇ ಹುಟ್ಟುತ್ತದೆ. ಓದಿದ್ದು ಯಾವುದು, ಊಹಿಸಿದ್ದು ಯಾವುದು ಎಂಬುದನ್ನು ಕಂಸ ಹಾಕಿ ಬೇರ್ಪಡಿಸುವ, ಓದಲಾಗದೆಡೆ 'ತ್ರುಟಿತ' ಎಂದು ಬರೆದು ಮುಂದೆ ಸಾಗುವ ಪದ್ಧತಿಯ ಬೆಲೆ ನನಗೆ ಮೊದಲು ಮನದಟ್ಟಾದದ್ದು ತರಗತಿಯಲ್ಲಲ್ಲ, ರೇಡಿಯೊದ ಮುಂದೆ.

ಶ್ರವಣದ ವರದಿ ಬರೆಯುವುದಕ್ಕೆ ಈ ಹವ್ಯಾಸದಲ್ಲಿ ಕಟ್ಟುನಿಟ್ಟಾದ ಕ್ರಮವಿದೆ. ದಿನಾಂಕ, ಗ್ರೀನಿಚ್ ವೇಳೆ, ಕಂಪನಾಂಕ, ಬಳಸಿದ ರೇಡಿಯೊ, ಆಂಟೆನಾ, ಕೇಳಿದ ಊರು, ಕಾರ್ಯಕ್ರಮದ ವಿವರ. ಇವುಗಳ ಜೊತೆಗೆ 'ಸಿನ್ಪೊ' ಎಂಬ ಐದಂಕಿಗಳ ಸಂಕೇತ: ಸಂಕೇತದ ಬಲ, ಬೇರೆ ಕೇಂದ್ರಗಳ ಅಡ್ಡಿ, ವಾತಾವರಣದ ಗದ್ದಲ, ತರಂಗಪ್ರಸರಣದ ಏರುಪೇರು, ಒಟ್ಟು ಗುಣ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. 5 ಎಂದರೆ ಅತ್ಯುತ್ತಮ. ಪ್ರಸಾರ ಕೇಂದ್ರ ಈ ವರದಿಯನ್ನು ತನ್ನ ದಾಖಲೆಯೊಡನೆ ಹೋಲಿಸಿ ನೋಡಿ, ಸರಿಯಿದ್ದರೆ 'ಕ್ಯೂಎಸ್‌ಎಲ್' ಎಂಬ ದೃಢೀಕರಣ ಪತ್ರವನ್ನು ಅಂಚೆಯಲ್ಲಿ ಕಳುಹಿಸುತ್ತದೆ. ಕೇಂದ್ರದ ಮುದ್ರಿತ ವೇಳಾಪಟ್ಟಿ ನೋಡಿ ಬರೆಯಬಹುದಾದ ವಿವರಕ್ಕೆ ಅಲ್ಲಿ ಬೆಲೆಯಿಲ್ಲ. ಕೇಳಿದವನಿಗಷ್ಟೇ ಗೊತ್ತಿರಬಹುದಾದ ವಿವರ ಬೇಕು.

ಈ ಸಂಕೇತವನ್ನು ಬರೆಯುವಾಗಲೆಲ್ಲ ಸ್ಯಾದ್ವಾದ ನೆನಪಾಗುತ್ತದೆ. 'ಸ್ಯಾತ್' ಎಂಬುದನ್ನು 'ಇರಬಹುದು' ಎಂದು ಅರ್ಥೈಸಿ, ಜೈನರದು ಸಂಶಯವಾದವೆಂದು ಹೇಳುವವರು ಇಂದಿಗೂ ಇದ್ದಾರೆ. ಸಮಂತಭದ್ರರ ಪರಂಪರೆಯಲ್ಲಿ ಅದರ ಅರ್ಥ 'ಕಥಂಚಿತ್', ಅಂದರೆ ಒಂದು ನಿರ್ದಿಷ್ಟ ಅಪೇಕ್ಷೆಯಿಂದ. ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕು ಅಪೇಕ್ಷೆಗಳನ್ನು ಹೇಳಿದ ಮೇಲೆ ಆ ಹೇಳಿಕೆಯಲ್ಲಿ ಸಂಶಯವಿಲ್ಲ, ಅದು ನಿಶ್ಚಿತ. ಈ ರೇಡಿಯೊದಲ್ಲಿ, ಈ ಊರಿನಲ್ಲಿ, ಈ ಹೊತ್ತಿನಲ್ಲಿ, ಅಯಾನುಗೋಳದ ಈ ಸ್ಥಿತಿಯಲ್ಲಿ ದನಿಯ ಬಲ 2. ಅದೇ ಗಳಿಗೆಯಲ್ಲಿ ಕೊಲಂಬೊದ ಶ್ರೋತೃ 5 ಎಂದು ಬರೆದಿರಬಹುದು. ಎರಡು ವರದಿಗಳೂ ಸತ್ಯ; ಪ್ರಸಾರ ಕೇಂದ್ರಕ್ಕೆ ಎರಡೂ ಬೇಕು. ಅಪೇಕ್ಷೆಯನ್ನು ಹೇಳದೆ 'ದನಿ ದುರ್ಬಲವಾಗಿತ್ತು' ಎಂದಷ್ಟೇ ಬರೆದರೆ ಅದು ಯಾರಿಗೂ ಬೇಡದ ಮಾತಾಗುತ್ತದೆ.

ನನ್ನ ದಾಖಲೆ ಪುಸ್ತಕದ ಒಂದು ಡಿಸೆಂಬರ್ ನಮೂದಿನಲ್ಲಿ ಕೇಂದ್ರದ ಹೆಸರಿನ ಅಂಕಣ ಖಾಲಿಯಾಗಿದೆ. ವೇಳೆ 00:40, ಅಂದರೆ ನಮ್ಮಲ್ಲಿ ಬೆಳಗಿನ 6:10. ಸೂರ್ಯೋದಯಕ್ಕೆ ಇನ್ನೂ ಅರ್ಧ ಗಂಟೆಯಷ್ಟಿತ್ತು. 60 ಮೀಟರ್ ಬ್ಯಾಂಡಿನಲ್ಲಿ ಗಂಡಸಿನ ದನಿ, ಸ್ಪ್ಯಾನಿಷ್ ಎನ್ನಿಸುವ ಮಾತು, ನಡುವೆ ಕೊಳಲಿನಂಥ ವಾದ್ಯ. ಸಿನ್ಪೊ 24222. ಹನ್ನೊಂದು ನಿಮಿಷ ಕೇಳಿ, ಬೆಳಕು ಹರಿಯುತ್ತಿದ್ದಂತೆ ಕರಗಿಹೋಯಿತು. ಹಗಲಿರುಳುಗಳ ಸಂಧಿಯಲ್ಲಿ ಇಂಥ ದೂರದ ದನಿಗಳು ಸ್ವಲ್ಪ ಹೊತ್ತು ದಾಟಿಬರುವುದುಂಟು. ಆಗ ಪೆರುವಿನಲ್ಲಿ ಸಂಜೆ 7:40. ಹವ್ಯಾಸದ ಗೆಳೆಯರೊಬ್ಬರು ನಮೂದನ್ನು ನೋಡಿ, "ಪೆರು ಎಂದು ಬರೆದುಕೊಳ್ಳಿ ಸಾರ್, ಇನ್ನೆಲ್ಲಿಯದು ಆಗುತ್ತದೆ?" ಎಂದರು. ಅವರ ತರ್ಕದಲ್ಲಿ ಹುರುಳಿತ್ತು. ಆದರೆ ಆ ಸುತ್ತಿನ ದೇಶಗಳ ಬೇರೆ ಕೇಂದ್ರಗಳೂ ಪಟ್ಟಿಯಲ್ಲಿದ್ದವು; ಕೇಂದ್ರದ ಹೆಸರು ನನ್ನ ಕಿವಿಗೆ ಬೀಳಲಿಲ್ಲ. ದಕ್ಷಿಣ ಅಮೆರಿಕದ ಕೇಂದ್ರವೊಂದನ್ನು ಕೇಳಿದೆನೆಂದು ಹೇಳಿಕೊಳ್ಳುವ ಆಸೆ ಯಾವ ಹವ್ಯಾಸಿಗೆ ಇರುವುದಿಲ್ಲ? ಆ ಆಸೆ ಎಷ್ಟು ಬಲವಾಗಿತ್ತೆಂದು ಬಲ್ಲವನಾದ್ದರಿಂದಲೇ ಅಂಕಣವನ್ನು ಖಾಲಿ ಬಿಟ್ಟೆ. ಖಾಲಿ ಅಂಕಣವೂ ಒಂದು ಮಾಹಿತಿ. ಮುಂದೆ ಯಾರಾದರೂ ಆ ದಿನದ ಬೇರೊಂದು ದಾಖಲೆಯೊಡನೆ ಹೋಲಿಸಿ ಅದನ್ನು ತುಂಬಬಹುದು. ತಪ್ಪು ಹೆಸರು ಬರೆದಿದ್ದರೆ ಅವರು ಹುಡುಕುವ ಕಾರಣವೇ ಇರುತ್ತಿರಲಿಲ್ಲ.

ಇದೆಲ್ಲ ಹವ್ಯಾಸಿಗಳ ಕಟ್ಟುಪಾಡು, ಇತಿಹಾಸಕ್ಕೆ ಇದರಿಂದೇನು ಎಂದು ಕೇಳಬಹುದು. 1942ರ ಆಗಸ್ಟಿನಿಂದ ನವೆಂಬರ್‌ವರೆಗೆ ಉಷಾ ಮೆಹ್ತಾ ಮತ್ತು ಸಂಗಡಿಗರು ಮುಂಬಯಿಯಲ್ಲಿ ಜಾಗ ಬದಲಾಯಿಸುತ್ತ ಗುಟ್ಟಾಗಿ ನಡೆಸಿದ ಕಾಂಗ್ರೆಸ್ ರೇಡಿಯೊ 42.34 ಮೀಟರಿನಲ್ಲಿ ಕೇಳಿಸುತ್ತಿತ್ತು. ಆ ಪ್ರಸಾರಗಳಲ್ಲಿ ಏನಿತ್ತೆಂಬುದು ನಮಗೆ ಇಂದು ಬಹುಮಟ್ಟಿಗೆ ತಿಳಿದಿರುವುದು ಅವುಗಳನ್ನು ಕದ್ದುಕೇಳಿ ಬರೆದಿಟ್ಟ ಬ್ರಿಟಿಷ್ ಸರ್ಕಾರದ ದಾಖಲೆಗಳಿಂದ. ಹಿಡಿಯಲು ಬಂದವರೇ ಉಳಿಸಿಕೊಟ್ಟರು. ನಮ್ಮ ದರ್ಶನಗ್ರಂಥಗಳಲ್ಲಿ ಇದರ ಹೋಲಿಕೆಯಿದೆ. ಚಾರ್ವಾಕರ ಮಾತುಗಳು ನಮಗೆ ದೊರೆಯುವುದು ಹೆಚ್ಚಾಗಿ ಅವರನ್ನು ಖಂಡಿಸಲು ಹೊರಟವರ ಪೂರ್ವಪಕ್ಷದಲ್ಲಿ. ಹರಿಭದ್ರರಂಥ ಜೈನಾಚಾರ್ಯರೂ ಆ ಸಾಲಿನಲ್ಲಿದ್ದಾರೆ. ಪೂರ್ವಪಕ್ಷವನ್ನು ಪ್ರಾಮಾಣಿಕವಾಗಿ ಬರೆದವನು ಎದುರಾಳಿಯ ಗ್ರಂಥಪಾಲಕನೂ ಆಗುತ್ತಾನೆ.

ಕೇಳಿದವರು ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. ಜಾರ್ಜ್ ಆರ್ವೆಲ್ 1941ರಿಂದ 1943ರವರೆಗೆ ಬಿಬಿಸಿಯ ಪೌರ್ವಾತ್ಯ ವಿಭಾಗದಲ್ಲಿದ್ದು ಭಾರತದ ಶ್ರೋತೃಗಳಿಗಾಗಿ ಸುದ್ದಿ ವಿಮರ್ಶೆಗಳನ್ನೂ ಸಾಹಿತ್ಯ ಕಾರ್ಯಕ್ರಮಗಳನ್ನೂ ಸಿದ್ಧಪಡಿಸಿದರು. ಮುಲ್ಕ್ ರಾಜ್ ಆನಂದ್ ಮೊದಲಾದವರು ಅವುಗಳಲ್ಲಿ ಪಾಲ್ಗೊಂಡರು. ಸಾಹಿತ್ಯ ಕಾರ್ಯಕ್ರಮಗಳ ಗುರಿ ನಮ್ಮ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು. ತಮ್ಮ ಕೆಲಸದಿಂದ ಯಾವ ಫಲವೂ ಇಲ್ಲವೆಂಬ ಭಾವನೆಯಿಂದ ಆರ್ವೆಲ್ ಆ ಹುದ್ದೆ ಬಿಟ್ಟರು. ಅವರು ಬರೆದ ಪ್ರತಿಗಳು ಉಳಿದಿವೆ, ಅಚ್ಚಾಗಿವೆ. ಅವರ ಧ್ವನಿಯ ಮುದ್ರಣ ಮಾತ್ರ ಒಂದೂ ಉಳಿದುಬಂದಿಲ್ಲ. ಇಂಗ್ಲಿಷಿನ ಅಷ್ಟು ದೊಡ್ಡ ಲೇಖಕ ನಮ್ಮನ್ನೇ ಉದ್ದೇಶಿಸಿ ಆಡಿದ ಮಾತು ಈ ನೆಲದಲ್ಲಿ ಹೇಗೆ ಕೇಳಿಸಿತು, ಕೇಳಿದ ಒಬ್ಬ ವಿದ್ಯಾರ್ಥಿ ಏನೆಂದುಕೊಂಡ ಎಂಬುದನ್ನು ಹೇಳುವ ಒಂದು ದಿನಚರಿಯ ಪುಟ ಸಿಕ್ಕರೂ ಅದು ಸಾಹಿತ್ಯ ಚರಿತ್ರೆಗೆ ಆಕರವಾಗುತ್ತದೆ.

ಈಗ ಆ ಬ್ಯಾಂಡುಗಳು ಬರಿದಾಗುತ್ತಿವೆ. ಸ್ವಿಸ್ ರೇಡಿಯೊ ಇಂಟರ್‌ನ್ಯಾಷನಲ್ 2004ರಲ್ಲಿ ನಿಂತಿತು. ಕೆನಡಾದ ಅಂತರರಾಷ್ಟ್ರೀಯ ಕೇಂದ್ರ 2012ರಲ್ಲಿ ಶಾರ್ಟ್‌ವೇವ್ ತೊರೆಯಿತು. ಕೂಕಬರ ಹಕ್ಕಿಯ ನಗುವಿನಂಥ ಕೂಗಿನಿಂದ ಗುರುತಾಗಿದ್ದ ರೇಡಿಯೊ ಆಸ್ಟ್ರೇಲಿಯಾ 2017ರ ಜನವರಿ 31ರಂದು, ಬಿಬಿಸಿಯ ಹಿಂದಿ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ 31ರಂದು ಮೌನವಾದವು. ಉಳಿದ ಕೇಂದ್ರಗಳ ದನಿಯ ಮೇಲೂ ಎಲ್‌ಇಡಿ ದೀಪ, ಚಾರ್ಜರ್‌ಗಳ ಗದ್ದಲ ಕವಿಯುತ್ತದೆ. ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿರುವ ರೇಡಿಯೊವನ್ನು ಇಂಟರ್‌ನೆಟ್ಟಿನ ಮೂಲಕ ಯಾರು ಬೇಕಾದರೂ ಇಲ್ಲಿಂದಲೇ ತಿರುಗಿಸಿ ಕೇಳಬಹುದಾಗಿದೆ. ಅದರಲ್ಲಿ ಕೇಳಿದ್ದನ್ನು 'ನಾನು ಕೇಳಿದ್ದು' ಎನ್ನಬಹುದೇ ಎಂಬ ಚರ್ಚೆ ಹವ್ಯಾಸಿಗಳಲ್ಲಿದೆ. ಕೇಳಬಹುದು, ಆದರೆ ರೇಡಿಯೊ ಎಲ್ಲಿತ್ತೆಂದು ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. ಮೂಡಬಿದಿರೆಯ ತಾಳೆಗರಿಯನ್ನು ಕಣ್ಣಾರೆ ನೋಡಿದವನೂ ಅದರ ಛಾಯಾಚಿತ್ರವನ್ನು ನೋಡಿದವನೂ ಇಬ್ಬರೂ ಓದಬಹುದು. ಯಾವುದನ್ನು ನೋಡಿ ಓದಿದೆನೆಂದು ಇಬ್ಬರೂ ಹೇಳಬೇಕು.

ವಿಯೆನ್ನಾದಲ್ಲಿ ಕ್ಯೂಎಸ್‌ಎಲ್ ಪತ್ರಗಳಿಗಾಗಿಯೇ ಒಂದು ದಾಖಲೆ ಸಂಗ್ರಹವಿದೆ. ನಮ್ಮಲ್ಲಿ ಅವು ಹಳೆಯ ಮನೆಗಳ ಅಟ್ಟದಲ್ಲಿ, ಟ್ರಂಕುಗಳಲ್ಲಿ, ಬಳಸಿ ಉಳಿದ ಶಾಲಾ ನೋಟ್‌ಬುಕ್ಕುಗಳ ಜೊತೆಗೆ ಬಿದ್ದಿರುತ್ತವೆ. ಮನೆ ಬದಲಾಯಿಸುವಾಗ ರದ್ದಿಗೆ ಹೋಗುತ್ತವೆ. ಕಳೆದ ಶತಮಾನದ ಓದುಗ-ಕೇಳುಗರ ಚರಿತ್ರೆಯನ್ನು ಬರೆಯಹೊರಟ ವಿದ್ಯಾರ್ಥಿಗಳು ಅಂಥ ನೋಟ್‌ಬುಕ್ ಕಂಡರೆ ಬಿಡಬಾರದು. ಯಾವ ರಾತ್ರಿ, ಎಷ್ಟು ಹೊತ್ತಿಗೆ, ಯಾವ ದೇಶದ ದನಿ ಕರ್ನಾಟಕದ ಒಂದು ಹಳ್ಳಿಗೆ ಎಷ್ಟು ಸ್ಪಷ್ಟವಾಗಿ ತಲುಪುತ್ತಿತ್ತೆಂಬುದನ್ನು ಹೇಳಬಲ್ಲ ಬೇರೆ ಆಕರ ಸಿಗುವುದು ಕಷ್ಟ. ಅದರ ಪುಟಗಳಲ್ಲಿ ಎಲ್ಲಿಯಾದರೂ ಹೆಸರಿನ ಅಂಕಣ ಖಾಲಿ ಬಿಟ್ಟಿದ್ದರೆ, ಉಳಿದ ನಮೂದುಗಳನ್ನು ಇನ್ನಷ್ಟು ವಿಶ್ವಾಸದಿಂದ ಓದಬಹುದು.